ಹಲ್ಲಿಗೊಂದು ರಬ್ಬರಿನ ಸರಪಳಿ

ಈ ವರ್ಷ ನಮ್ಮ ಕನ್ನಡ ಸಂಘದ ಮೊದಲ ಸಭೆ ನಡೆದದ್ದು ಜುಲೈ ತಿಂಗಳ ಜಡಿಮಳೆಯಲ್ಲಿ. ಸಭೆ ಮುಗಿದರೂ ಹೊರಗೆ ಕಾಲಿಡುವ ಹಾಗಿರಲಿಲ್ಲ. ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತ ಕೂತಿದ್ದೆವು. ಎದುರಿಗಿದ್ದ ಪ್ರಥಮ ವರ್ಷದ ಹುಡುಗನೊಬ್ಬ ನನ್ನ ಬಾಯನ್ನೇ ನೋಡುತ್ತಿದ್ದ. ವಿಜಾಪುರದ ಕಡೆಯವನು, ಸಂಕೋಚ ಸ್ವಲ್ಪ ಕಡಿಮೆ.

"ಅಣ್ಣಾರ, ತಪ್ಪು ತಿಳೀಬ್ಯಾಡ್ರಿ. ಅಡ್ಮಿಶನ್ ದಿನ ನೋಡಿದಾಗ ನಿಮ್ಮ ಹಲ್ಲಿನ ಮ್ಯಾಲೆ ಬರೇ ತಂತಿ ಇತ್ತು. ಈಗ ಅದೇನೋ ಬೂದಿ ಬಣ್ಣದ ಸರ ಹಾಕ್ಯಾರಲ್ರಿ?"

"ಪವರ್ ಚೈನ್ ಅಂತಾರಪ್ಪ. ಹಲ್ಲಿನ ನಡುವಿನ ಸಂದು ಮುಚ್ಚಲಿಕ್ಕೆ."

"ಅಂದ್ರ ರಬ್ಬರ್ ಏನ್ರಿ?"

"ಹೂಂ, ಒಂದು ಜಾತಿಯ ರಬ್ಬರೇ."

ಹುಡುಗನ ಮುಖ ಅರಳಿತು. ಅವನ ಮೇಲಿನ ಎರಡು ಬಾಚಿಹಲ್ಲುಗಳ ನಡುವೆ ಅಕ್ಕಿಕಾಳು ತೂರುವಷ್ಟು ಸಂದು ಇತ್ತು. "ಹಂಗಾದ್ರ ನಾನೂ ಎರಡೂ ಹಲ್ಲಿಗೆ ಸೇರಿಸಿ ಒಂದು ಸಣ್ಣ ರಬ್ಬರ್ ಬ್ಯಾಂಡ್ ಹಾಕ್ಕೊಂಡು ಮಲಗಿದ್ರ ಆತಲ್ರಿ? ಅಂಗಡ್ಯಾಗ ಹತ್ತು ರೂಪಾಯಿಗೆ ಒಂದು ಪುಡಿಕಿ ಸಿಗ್ತಾವ. ಡಾಕ್ಟರಿಗೆ ಅಷ್ಟು ರೊಕ್ಕ ಯಾಕ ಸುರೀಬೇಕು?"

ಎಲ್ಲರೂ ನಕ್ಕರು, ನಾನೂ ನಕ್ಕೆ. "ಹಾಗೆಲ್ಲ ಮಾಡಬೇಡ ಮಾರಾಯ" ಎಂದೆ. "ಯಾಕ ಮಾಡಬಾರದು?" ಎಂದು ಅವನು ಕೇಳಿದಾಗ ಮಾತ್ರ ನನ್ನಲ್ಲಿ ಉತ್ತರ ಇರಲಿಲ್ಲ. ಎಂಟು ತಿಂಗಳಿಂದ ಬಾಯಿತುಂಬ ತಂತಿ ಹೊತ್ತು ತಿರುಗುತ್ತಿದ್ದ ನನಗೆ ಅದು ಹೇಗೆ ಕೆಲಸ ಮಾಡುತ್ತದೆ ಎಂಬುದೇ ಗೊತ್ತಿರಲಿಲ್ಲ. ಮುಂದಿನ ತಾರೀಕಿಗೆ ಹೋದಾಗ ನನ್ನ ಡಾಕ್ಟರರಿಗೆ ಅದೇ ಪ್ರಶ್ನೆಯನ್ನು ಹಾಕಿದೆ. ಅವರು ನಗಲಿಲ್ಲ. ಮೇಜಿನ ಮೇಲಿದ್ದ ಪ್ಲಾಸ್ಟರಿನ ಹಲ್ಲಿನ ಅಚ್ಚನ್ನು ಎತ್ತಿಕೊಂಡು ಕಾಲು ಗಂಟೆ ವಿವರಿಸಿದರು. ಅಂದು ಕೇಳಿದ್ದು, ಆಮೇಲೆ ಲೈಬ್ರರಿಯಲ್ಲಿ ಕೂತು ಓದಿದ್ದು ಎರಡನ್ನೂ ಸೇರಿಸಿ ಈ ಲೇಖನ ಬರೆದಿದ್ದೇನೆ. ಹುಡುಗನ ಪ್ರಶ್ನೆಗೆ ಉತ್ತರ ಕೊನೆಯಲ್ಲಿದೆ. ನಡುವಿನದನ್ನು ಹಾರಿಸಿ ಓದಿದರೆ ಆ ಉತ್ತರ ಅರ್ಥವಾಗುವುದು ಕಷ್ಟ.

ಕ್ಲಿಪ್ಪು ಎಂದರೇನು?

ಊರಿನಲ್ಲಿ ನಾವು "ಹಲ್ಲಿಗೆ ಕ್ಲಿಪ್ ಹಾಕಿಸುವುದು" ಎನ್ನುತ್ತೇವೆ. ಇದರಲ್ಲಿ ಮುಖ್ಯವಾಗಿ ಎರಡು ವಸ್ತುಗಳಿವೆ. ಒಂದು ಬ್ರ್ಯಾಕೆಟ್, ಇನ್ನೊಂದು ತಂತಿ. ಬ್ರ್ಯಾಕೆಟ್ ಎಂದರೆ ಪ್ರತಿಯೊಂದು ಹಲ್ಲಿನ ಮುಂಭಾಗಕ್ಕೆ ಅಂಟಿಸುವ ಸಣ್ಣ ಲೋಹದ ತುಂಡು. ಅದರ ನಡುವೆ ಅಡ್ಡಲಾಗಿ ಒಂದು ಸೀಳು, ಮೇಲೂ ಕೆಳಗೂ ಪುಟ್ಟ ರೆಕ್ಕೆಗಳು. ಸೀಳಿನಲ್ಲಿ ತಂತಿ ಕೂರುತ್ತದೆ. ತಂತಿ ಹೊರಗೆ ಬೀಳದಂತೆ ರೆಕ್ಕೆಗಳಿಗೆ ಒಂದು ರಬ್ಬರ್ ಉಂಗುರವನ್ನೋ ತೆಳು ಉಕ್ಕಿನ ಎಳೆಯನ್ನೋ ಕಟ್ಟುತ್ತಾರೆ.

ಈ ಸೀಳನ್ನು ಆಯತಾಕಾರದಲ್ಲಿ ಕೊರೆದು, ಅದರಲ್ಲಿ ಆಯತಾಕಾರದ ತಂತಿಯನ್ನು ಕೂರಿಸುವ ಉಪಾಯವನ್ನು ೧೯೨೦ರ ದಶಕದಲ್ಲಿ ತಂದವನು ಅಮೆರಿಕದ ಎಡ್ವರ್ಡ್ ಆಂಗಲ್. ಹಲ್ಲು ನೇರ ಮಾಡುವ ವಿದ್ಯೆಯನ್ನು ಪ್ರತ್ಯೇಕ ಶಾಸ್ತ್ರವಾಗಿ ಬೆಳೆಸಿದವರಲ್ಲಿ ಇವನೇ ಪ್ರಮುಖ. ಅವನ ಕಾಲದಲ್ಲಿ ಬ್ರ್ಯಾಕೆಟ್ಟನ್ನು ಅಂಟಿಸಲು ಬರುತ್ತಿರಲಿಲ್ಲ. ಪ್ರತಿ ಹಲ್ಲಿಗೂ ಒಂದು ಲೋಹದ ಪಟ್ಟಿ ಸುತ್ತಿ, ಅದರ ಮೇಲೆ ಬೆಸೆಯಬೇಕಾಗಿತ್ತು. ೧೯೫೫ರಲ್ಲಿ ಮೈಕೇಲ್ ಬ್ಯೂನೊಕೋರ್ ಎಂಬಾತ ಹಲ್ಲಿನ ಹೊರಕವಚವನ್ನು ಆಮ್ಲದಿಂದ ತುಸು ಒರಟು ಮಾಡಿದರೆ ಅದರ ಮೇಲೆ ರಾಳ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ ಎಂದು ತೋರಿಸಿದ. ಅಂಟಿಸುವ ಬ್ರ್ಯಾಕೆಟ್ಟುಗಳು ಬಂದದ್ದು ಆ ದಾರಿಯಿಂದ.

ಕ್ಲಿಪ್ ಹಾಕಿದ ಮೊದಲ ದಿನವೇ ಚೈನು ಬರುವುದಿಲ್ಲ. ಮೊದಲ ಕೆಲವು ತಿಂಗಳು ತೆಳುವಾದ, ಬಗ್ಗಿಸಿದರೂ ಮತ್ತೆ ನೆಟ್ಟಗಾಗುವ ನಿಕ್ಕಲ್–ಟೈಟೇನಿಯಮ್ ತಂತಿ ಹಾಕುತ್ತಾರೆ. ಒಂದು ಮೇಲೆ, ಒಂದು ಕೆಳಗೆ, ಒಂದು ತಿರುಗಿ ನಿಂತ ಹಲ್ಲುಗಳನ್ನೆಲ್ಲ ಅದು ನಿಧಾನವಾಗಿ ಒಂದೇ ಸಾಲಿಗೆ ತರುತ್ತದೆ. ಸಾಲು ಸರಿಯಾದ ಮೇಲೆ ಅದನ್ನು ತೆಗೆದು ದಪ್ಪನೆಯ, ಆಯತಾಕಾರದ ಉಕ್ಕಿನ ತಂತಿ ಹಾಕುತ್ತಾರೆ. ಚೈನಿನ ಕೆಲಸ ಶುರುವಾಗುವುದು ಆಗ.

ಚೈನು ಎಂಥದ್ದು?

ಸಣ್ಣ ಸಣ್ಣ ಉಂಗುರಗಳನ್ನು ಸಾಲಾಗಿ ಜೋಡಿಸಿದ ಹಾಗೆ ಕಾಣುವ ಪಟ್ಟಿ ಇದು. ಹೊಲಿಗೆ ದಾರದ ಹಾಗೆ ಉರುಳೆಗೆ ಸುತ್ತಿರುತ್ತದೆ. ಡಾಕ್ಟರು ಬೇಕಾದಷ್ಟು ಉಂಗುರ ಎಣಿಸಿ ಕತ್ತರಿಸಿ, ಒಂದೊಂದು ಉಂಗುರವನ್ನು ಒಂದೊಂದು ಬ್ರ್ಯಾಕೆಟ್ಟಿನ ರೆಕ್ಕೆಗಳಿಗೆ ಸಿಕ್ಕಿಸುತ್ತ ಹೋಗುತ್ತಾರೆ. ಇದರಲ್ಲಿ ಮೂರು ಬಗೆ. ಉಂಗುರಕ್ಕೆ ಉಂಗುರ ತಾಗಿಕೊಂಡಿರುವುದು ಒಂದು. ಉಂಗುರಗಳ ನಡುವೆ ಗಿಡ್ಡ ಕೊಂಡಿ ಇರುವುದು ಇನ್ನೊಂದು. ಉದ್ದ ಕೊಂಡಿ ಇರುವುದು ಮೂರನೆಯದು. ಹಲ್ಲುಗಳ ಅಗಲ, ನಡುವಿನ ಅಂತರ, ಎಷ್ಟು ಎಳೆತ ಬೇಕು ಎಂಬುದನ್ನು ನೋಡಿ ಆರಿಸುತ್ತಾರೆ.

ಹೆಸರಿಗೆ ರಬ್ಬರ್ ಎಂದರೂ ಇದು ಕೇರಳದ ತೋಟದಲ್ಲಿ ಮರದಿಂದ ಇಳಿಸುವ ರಬ್ಬರ್ ಅಲ್ಲ. ಮರದ ರಬ್ಬರನ್ನು ಗಂಧಕ ಸೇರಿಸಿ ಕಾಯಿಸಿದರೆ ಅದು ಗಟ್ಟಿಯಾಗಿ, ಎಳೆದರೂ ಹಿಂದಕ್ಕೆ ಬರುವ ಗುಣ ಪಡೆಯುತ್ತದೆಂದು ೧೮೩೯ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಕಂಡುಕೊಂಡ. ಆ ಶತಮಾನ ಮುಗಿಯುವುದರೊಳಗೆ ದಂತವೈದ್ಯರು ರಬ್ಬರ್ ಬಳೆಗಳನ್ನು ಹಲ್ಲು ಸರಿಸಲು ಬಳಸತೊಡಗಿದ್ದರು. ಆದರೆ ಮರದ ರಬ್ಬರು ಬಾಯಿಯ ಎಂಜಲಿನಲ್ಲಿ ನೀರು ಹೀರಿ ಉಬ್ಬುತ್ತದೆ, ಬೇಗ ಹಾಳಾಗುತ್ತದೆ. ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ಕಟ್ಟಿಕೊಳ್ಳಲು ಕೊಡುವ ರಬ್ಬರ್ ಬಳೆಗಳು ಈಗಲೂ ಹೆಚ್ಚಾಗಿ ಅದರವೇ. ಅದಕ್ಕೇ ಅವನ್ನು ದಿನಾ ಬದಲಾಯಿಸಬೇಕು. ೧೯೩೭ರಲ್ಲಿ ಜರ್ಮನಿಯ ಒಟ್ಟೊ ಬೇಯರ್ ಮತ್ತು ಸಂಗಡಿಗರು ಪಾಲಿಯುರಿಥೇನ್ ಎಂಬ ಕೃತಕ ವಸ್ತುವನ್ನು ತಯಾರಿಸಿದರು. ಅದರ ಸಂತತಿಯೇ ನಮ್ಮ ಚೈನು. ೧೯೬೦ರ ದಶಕದಲ್ಲಿ ಅದು ದಂತವೈದ್ಯರ ಕೈಗೆ ಬಂತು. ಬಾಯಿಯಲ್ಲಿ ದಿನಗಟ್ಟಲೆ ಅಲ್ಲ, ವಾರಗಟ್ಟಲೆ ಬಾಳುತ್ತದೆ ಎಂಬುದೇ ಅದರ ದೊಡ್ಡ ಗುಣ.

ಎಲುಬಿನೊಳಗಿನ ಹಲ್ಲು ಸರಿಯುವುದು ಹೇಗೆ?

ಈ ಪ್ರಶ್ನೆ ನನ್ನನ್ನು ಬಹಳ ಕಾಡಿತ್ತು. ಹಲ್ಲು ಗೋಡೆಗೆ ಹೊಡೆದ ಮೊಳೆಯ ಹಾಗೆ ದವಡೆಯ ಎಲುಬಿನಲ್ಲಿ ನೆಟ್ಟಿರುತ್ತದೆ ಎಂದೇ ನಾನು ತಿಳಿದಿದ್ದೆ. ಹಾಗಿದ್ದರೆ ಅದು ಸರಿಯುವುದಾದರೂ ಎಲ್ಲಿಗೆ?

ಹಲ್ಲಿನ ಬೇರು ಎಲುಬಿಗೆ ನೇರವಾಗಿ ಅಂಟಿಕೊಂಡಿಲ್ಲ. ಬೇರಿಗೂ ಎಲುಬಿಗೂ ನಡುವೆ ಸುಮಾರು ೦.೨ ಮಿಲಿಮೀಟರಿನಷ್ಟು ತೆಳುವಾದ ಒಂದು ಪದರ ಇದೆ. ಅದರ ತುಂಬ ನಾರುಗಳು, ರಕ್ತನಾಳಗಳು, ಜೀವಕೋಶಗಳು. ತೊಟ್ಟಿಲನ್ನು ಹಗ್ಗಗಳಿಂದ ತೂಗುಹಾಕಿದ ಹಾಗೆ ಹಲ್ಲನ್ನು ಈ ನಾರುಗಳು ಎಲುಬಿನ ಗುಳಿಯಲ್ಲಿ ತೂಗಿ ಹಿಡಿದಿವೆ. ಹಲ್ಲನ್ನು ಒಂದು ಕಡೆಗೆ ಎಡೆಬಿಡದೆ ಮೆಲ್ಲಗೆ ಎಳೆದರೆ, ಅದು ಹೋಗುವ ದಿಕ್ಕಿನಲ್ಲಿ ಈ ಪದರ ಅಮುಕಿಕೊಳ್ಳುತ್ತದೆ. ಬಿಟ್ಟುಹೋಗುವ ದಿಕ್ಕಿನಲ್ಲಿ ಹಿಗ್ಗುತ್ತದೆ. ಅಮುಕಿದ ಕಡೆ ಎಲುಬನ್ನು ಕರಗಿಸುವ ಜೀವಕೋಶಗಳು ಬಂದು ಎಲುಬನ್ನು ಸವೆಸತೊಡಗುತ್ತವೆ. ಹಿಗ್ಗಿದ ಕಡೆ ಎಲುಬು ಕಟ್ಟುವ ಜೀವಕೋಶಗಳು ಹೊಸ ಎಲುಬು ಕಟ್ಟುತ್ತವೆ. ಮುಂದೆ ಕೆಡಹುವುದು, ಹಿಂದೆ ಕಟ್ಟುವುದು. ಹೀಗೆ ಇಡೀ ಗುಳಿಯೇ ಹಲ್ಲಿನ ಜತೆ ಸರಿಯುತ್ತ ಹೋಗುತ್ತದೆ. ಎಳೆಯುವುದು ಚೈನು. ದಾರಿ ಮಾಡಿಕೊಡುವುದು ನಮ್ಮ ಶರೀರವೇ.

ಇದು ನಿಧಾನದ ಕೆಲಸ. ಲೆಕ್ಕ ತಿಂಗಳಿಗೆ ಸುಮಾರು ಒಂದು ಮಿಲಿಮೀಟರ್. ನನ್ನದು ಉಬ್ಬು ಹಲ್ಲು. ಮುಂದಿನ ಹಲ್ಲುಗಳು ಹಿಂದಕ್ಕೆ ಬರಲು ಜಾಗ ಬೇಕೆಂದು ಕೋರೆಹಲ್ಲಿನ ಹಿಂದಿನ ಹಲ್ಲುಗಳನ್ನು ಎರಡೂ ಬದಿ, ಮೇಲೂ ಕೆಳಗೂ, ಒಟ್ಟು ನಾಲ್ಕು ಕಿತ್ತಿದ್ದರು. ಒಂದೊಂದು ಸಂದು ಸುಮಾರು ೭ ಮಿಲಿಮೀಟರ್. ಎಷ್ಟು ತಿಂಗಳು ಬೇಕೆಂದು ನೀವೇ ಲೆಕ್ಕ ಹಾಕಬಹುದು.

ಜೋರಾಗಿ ಎಳೆದರೆ ಬೇಗ ಆಗುವುದಿಲ್ಲವೇ?

ನಾನೂ ಹಾಗೇ ಕೇಳಿದೆ. "ಡಾಕ್ಟರೇ, ಇನ್ನೆರಡು ಉಂಗುರ ಕಡಿಮೆ ಮಾಡಿ ಬಿಗಿಯಾಗಿ ಹಾಕಿ. ಪರೀಕ್ಷೆಯೊಳಗೆ ಮುಗಿದುಹೋಗಲಿ." ಉತ್ತರ ನಾನು ಎಣಿಸಿದ್ದಕ್ಕೆ ತೀರ ವಿರುದ್ಧವಾಗಿತ್ತು.

ಎಳೆತ ಅತಿಯಾದರೆ ಅಮುಕಿದ ಕಡೆಯ ರಕ್ತನಾಳಗಳು ಮುಚ್ಚಿಹೋಗುತ್ತವೆ. ರಕ್ತ ಹೋಗದ ಕಡೆ ಜೀವಕೋಶಗಳು ಸಾಯುತ್ತವೆ. ಎಲುಬು ಕರಗಿಸುವವರೇ ಸತ್ತ ಮೇಲೆ ದಾರಿ ಬಿಡಿಸುವವರು ಯಾರು? ಹಲ್ಲು ನಿಂತಲ್ಲೇ ನಿಲ್ಲುತ್ತದೆ. ಆಮೇಲೆ ಪಕ್ಕದ ಎಲುಬಿನ ಒಳಗಿನಿಂದ ಬೇರೆ ಕೋಶಗಳು ಕೊರೆದುಕೊಂಡು ಬರಬೇಕು. ಅದಕ್ಕೆ ವಾರಗಳೇ ಹಿಡಿಯುತ್ತವೆ. ನೋವೂ ಹೆಚ್ಚು. ಇದಕ್ಕಿಂತ ಕೆಟ್ಟದ್ದೆಂದರೆ ಹಲ್ಲಿನ ಬೇರಿನ ತುದಿಯೇ ಸವೆದು ಗಿಡ್ಡವಾಗಬಹುದು. ಎಲುಬು ಮತ್ತೆ ಬೆಳೆಯುತ್ತದೆ, ಗಿಡ್ಡವಾದ ಬೇರು ಮತ್ತೆ ಉದ್ದವಾಗುವುದಿಲ್ಲ.

ಮುಂಬಯಿಯ ಲೋಕಲ್ ಗಾಡಿಯಲ್ಲಿ ಓಡಾಡುವ ನಮಗೆ ಇದು ಕಷ್ಟದ ಪಾಠವಲ್ಲ. ಮೂರು ಜನರ ಬೆಂಚಿನಲ್ಲಿ ನಾಲ್ಕನೆಯವರಾಗಿ ಕೂರುವುದು ಹೇಗೆ? ಅಂಚಿನಲ್ಲಿ ಒಂದು ಚೂರು ಜಾಗ ಹಿಡಿದು ಸುಮ್ಮನೆ ಕೂತರೆ, ದಾದರಿನಿಂದ ಘಾಟ್ಕೋಪರ್ ಬರುವಷ್ಟರಲ್ಲಿ ಮೂವರೂ ತಮಗೇ ತಿಳಿಯದಂತೆ ಅಷ್ಟಷ್ಟು ಸರಿದಿರುತ್ತಾರೆ. ಒಮ್ಮೆಲೇ ಭುಜ ಕೊಟ್ಟು ನೂಕಿ ನೋಡಿ! ಅಂಚಿನವನು ಕಲ್ಲಾಗಿ ಕೂರುತ್ತಾನೆ, ಮೇಲೆ ಜಗಳ ಬೇರೆ. ಹಲ್ಲಿನದೂ ಅದೇ ಸ್ವಭಾವ.

ಹಾಗಾದರೆ ಎಷ್ಟು ಎಳೆತ ಸಾಕು? ಕೋರೆಹಲ್ಲೊಂದನ್ನು ತಂತಿಯ ಮೇಲೆ ಜಾರಿಸಿ ಹಿಂದಕ್ಕೆ ತರಲು ಸುಮಾರು ೧೫೦ರಿಂದ ೨೦೦ ಗ್ರಾಂ. ಅಂದರೆ ಒಂದು ಮೋಸಂಬಿಯನ್ನು ದಾರಕ್ಕೆ ಕಟ್ಟಿ ತೂಗಿಬಿಟ್ಟರೆ ದಾರದ ಮೇಲೆ ಬೀಳುವಷ್ಟು ಭಾರ. ಅದರಲ್ಲೂ ಒಂದು ಪಾಲು ತಂತಿಗೂ ಬ್ರ್ಯಾಕೆಟ್ಟಿಗೂ ನಡುವಿನ ಘರ್ಷಣೆಯಲ್ಲೇ ಖರ್ಚಾಗುತ್ತದೆ.

ರಬ್ಬರಿನ ಒಂದು ದೌರ್ಬಲ್ಯ

ಹೊಸ ಪಾಯಿಜಾಮದ ಎಲಾಸ್ಟಿಕ್ ಮೊದಲ ವಾರ ಸೊಂಟದಲ್ಲಿ ಗೆರೆ ಮೂಡಿಸುತ್ತದೆ. ಆರು ತಿಂಗಳಿಗೆ ಕೈಯಲ್ಲಿ ಹಿಡಿದುಕೊಂಡು ನಡೆಯಬೇಕಾಗುತ್ತದೆ. ಚೈನಿನ ಹಣೆಬರಹವೂ ಇದೇ, ಇನ್ನೂ ಬೇಗ. ಬಾಯಿಯ ಬಿಸಿ, ಎಂಜಲು, ಸದಾ ಎಳೆದ ಸ್ಥಿತಿ, ಇವುಗಳಿಂದಾಗಿ ಹಾಕಿದ ಮೊದಲ ಇಪ್ಪತ್ತನಾಲ್ಕು ಗಂಟೆಗಳಲ್ಲೇ ಚೈನು ತನ್ನ ಎಳೆತದ ಅರ್ಧದಷ್ಟನ್ನು, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚನ್ನು ಕಳೆದುಕೊಳ್ಳುತ್ತದೆ. ಆಮೇಲೆ ಇಳಿಕೆ ನಿಧಾನ. ತಿಂಗಳ ಕೊನೆಗೆ ಮೂರರಲ್ಲಿ ಒಂದು ಪಾಲು ಉಳಿದಿದ್ದರೆ ಅದೇ ಹೆಚ್ಚು. ಈ ಇಳಿಕೆಯನ್ನು ಮೊದಲೇ ಲೆಕ್ಕಕ್ಕೆ ಹಿಡಿದು ಡಾಕ್ಟರು ಚೈನಿನ ಉದ್ದವನ್ನು ಕತ್ತರಿಸುತ್ತಾರೆ. ಕೆಲವರು ಹಾಕುವ ಮೊದಲೇ ಒಮ್ಮೆ ಚೆನ್ನಾಗಿ ಎಳೆದುಬಿಟ್ಟು ಆಮೇಲೆ ಕೂರಿಸುತ್ತಾರೆ, ಮೊದಲ ದಿನದ ಆ ದೊಡ್ಡ ಕುಸಿತ ಸ್ವಲ್ಪ ತಗ್ಗಲಿ ಎಂದು.

ನಾಲ್ಕು ವಾರಕ್ಕೊಮ್ಮೆ, ಹೆಚ್ಚೆಂದರೆ ಆರು ವಾರಕ್ಕೊಮ್ಮೆ ಬರಬೇಕು ಎನ್ನುವುದು ಇದೇ ಕಾರಣಕ್ಕೆ. ಇದನ್ನು ನಾನು ದುಡ್ಡಿಗಾಗಿ ಕರೆಸುವ ಉಪಾಯ ಎಂದುಕೊಂಡಿದ್ದೆ. ದೀಪಾವಳಿ ರಜೆಗೆ ಊರಿಗೆ ಹೋದವನು ತಾರೀಕು ತಪ್ಪಿಸಿ, ಒಂಬತ್ತು ವಾರ ಬಿಟ್ಟು ಬಂದೆ. ಡಾಕ್ಟರು ಬಯ್ಯಲಿಲ್ಲ. ಅಳತೆಪಟ್ಟಿ ಹಿಡಿದು ಸಂದು ಅಳೆದು ಬರೆದುಕೊಂಡರು. ಮೊದಲ ತಿಂಗಳು ಸರಿದದ್ದು ಬಿಟ್ಟರೆ ಆಮೇಲೆ ಏನೂ ಆಗಿರಲಿಲ್ಲ. ಚೈನು ಬರೀ ಅಲಂಕಾರಕ್ಕೆ ತೂಗಾಡಿಕೊಂಡಿತ್ತು.

ಚೈನಿನ ಬದಲು ನಿಕ್ಕಲ್–ಟೈಟೇನಿಯಮ್ಮಿನ ಪುಟ್ಟ ಸ್ಪ್ರಿಂಗುಗಳೂ ಇವೆ. ಅವುಗಳ ಎಳೆತ ತಿಂಗಳುಗಟ್ಟಲೆ ಹೆಚ್ಚುಕಡಿಮೆ ಒಂದೇ ಸಮ ಇರುತ್ತದೆ. ಬೆಲೆ ಮಾತ್ರ ಹೆಚ್ಚು, ಸುತ್ತುಗಳ ನಡುವೆ ಅನ್ನದಗುಳು ಸಿಕ್ಕಿಕೊಳ್ಳುವ ಕಾಟವೂ ಉಂಟು. ಚೈನು ಅಗ್ಗ, ಹಾಕುವುದು ಸುಲಭ. ಹಾಗಾಗಿ ಎರಡೂ ಬಳಕೆಯಲ್ಲಿವೆ.

ಹಗ್ಗ ಜಗ್ಗಾಟ

ಇನ್ನೊಂದು ತೊಡಕಿದೆ. ನ್ಯೂಟನ್ನನ ಮೂರನೆಯ ನಿಯಮವನ್ನು ಶಾಲೆಯಲ್ಲಿ ಎಲ್ಲರೂ ಬಾಯಿಪಾಠ ಮಾಡಿದ್ದೇವೆ. ದವಡೆಹಲ್ಲಿಗೆ ಚೈನಿನ ಒಂದು ತುದಿ ಸಿಕ್ಕಿಸಿ ಮುಂದಿನ ಹಲ್ಲನ್ನು ಹಿಂದಕ್ಕೆ ಎಳೆದರೆ, ದವಡೆಹಲ್ಲೂ ಅಷ್ಟೇ ಬಲದಿಂದ ಮುಂದಕ್ಕೆ ಎಳೆಯಲ್ಪಡುತ್ತದೆ. ಕಿತ್ತ ಹಲ್ಲಿನ ಜಾಗವನ್ನು ಹಿಂದಿನ ಹಲ್ಲುಗಳೇ ಮುಂದೆ ಬಂದು ತುಂಬಿಕೊಂಡರೆ ಉಬ್ಬು ಹಲ್ಲು ಉಬ್ಬಾಗಿಯೇ ಉಳಿಯುತ್ತದೆ, ಒಳ್ಳೆಯ ಹಲ್ಲು ಕಿತ್ತದ್ದು ವ್ಯರ್ಥ.

ಹಗ್ಗ ಜಗ್ಗುವ ಪಂದ್ಯದಲ್ಲಿ ಗೆಲ್ಲಬೇಕಾದ ಕಡೆ ಹೆಚ್ಚು ಜನರನ್ನು ನಿಲ್ಲಿಸುವುದಿಲ್ಲವೇ? ಹಾಗೆ ಹಿಂದಿನ ಎರಡು ಮೂರು ಹಲ್ಲುಗಳನ್ನು ಉಕ್ಕಿನ ಎಳೆಯಿಂದ ಒಟ್ಟಿಗೆ ಬಿಗಿದು ಒಂದು ದೊಡ್ಡ ಹಲ್ಲಿನಂತೆ ಮಾಡುತ್ತಾರೆ. ಅದೂ ಸಾಲದಿದ್ದರೆ ಎಂಟು ಹತ್ತು ಮಿಲಿಮೀಟರ್ ಉದ್ದದ ಸಣ್ಣ ಲೋಹದ ತಿರುಪುಮೊಳೆಯೊಂದನ್ನು ಬೇರುಗಳ ನಡುವೆ ಎಲುಬಿಗೇ ತಿರುಗಿಸಿ, ಚೈನನ್ನು ಅದಕ್ಕೆ ಕಟ್ಟುತ್ತಾರೆ. ಕೇಳಲು ಭಯಂಕರ, ಆದರೆ ಮರಗಟ್ಟುವ ಮದ್ದು ಕೊಟ್ಟು ಮಾಡುವುದರಿಂದ ನೋವು ಹೆಚ್ಚಿಲ್ಲ. ಕೆಲಸ ಮುಗಿದ ಮೇಲೆ ತಿರುಗಿಸಿ ತೆಗೆದುಬಿಡುತ್ತಾರೆ.

ಈಗ ಆ ಆಯತಾಕಾರದ ಉಕ್ಕಿನ ತಂತಿಯ ಮಹತ್ವ ನೋಡಿ. ನೆಲದಲ್ಲಿ ಹುಗಿದ ಕಂಬದ ತಲೆಗೆ ಹಗ್ಗ ಕಟ್ಟಿ ಎಳೆದರೆ ಕಂಬ ನೆಟ್ಟಗೆ ಸರಿಯುವುದಿಲ್ಲ, ವಾಲುತ್ತದೆ. ಹಲ್ಲೂ ಹಾಗೆಯೇ. ಬೇರು ಎಲುಬಿನೊಳಗಿದೆ, ನಾವು ಎಳೆಯುವುದು ಮೇಲಿನ ತಲೆಯನ್ನು. ಸೀಳಿನಲ್ಲಿ ಬಿಗಿಯಾಗಿ ಕೂತ ದಪ್ಪ ತಂತಿ ಹಲ್ಲನ್ನು ವಾಲಗೊಡುವುದಿಲ್ಲ, ಬೇರೂ ತಲೆಯ ಜತೆಗೇ ಬರುವಂತೆ ಮಾಡುತ್ತದೆ. ತಂತಿ ರೈಲಿನ ಹಳಿ, ಚೈನು ಇಂಜಿನ್ನು. ಹಳಿ ಇಲ್ಲದ ಇಂಜಿನ್ನು ಎಲ್ಲಿಗೆ ಹೋದೀತು?

ಹಾಕಿಸಿಕೊಂಡವರಿಗೆ ನಾಲ್ಕು ಮಾತು

ಚೈನು ಬದಲಾಯಿಸಿದ ಎರಡು ಮೂರು ದಿನ ಹಲ್ಲು ಜುಮುಗುಟ್ಟುತ್ತದೆ. ಕಚ್ಚಲು ಆಗುವುದಿಲ್ಲ. ಮೊಸರನ್ನ, ಇಡ್ಲಿ, ಮೆತ್ತಗಿನ ಉಪ್ಪಿಟ್ಟು ತಿಂದುಕೊಂಡಿದ್ದರೆ ತಾನೇ ಇಳಿಯುತ್ತದೆ. ನೋವಿನ ಮಾತ್ರೆ ಬೇಕಾದರೆ ಯಾವುದೆಂದು ಡಾಕ್ಟರರನ್ನೇ ಕೇಳಿ ತೆಗೆದುಕೊಳ್ಳಿ.

ಮನೆಯಿಂದ ಬಂದ ಡಬ್ಬಿಯ ಚಕ್ಕುಲಿ, ಕೋಡುಬಳೆ, ಚಿಕ್ಕಿಗಳನ್ನು ದೂರ ಇಡಿ, ಅಥವಾ ರೂಮಿನ ಗೆಳೆಯರಿಗೆ ದಾನ ಮಾಡಿ ಪುಣ್ಯ ಕಟ್ಟಿಕೊಳ್ಳಿ. ಖಡಕ್ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ತಿನ್ನಬಹುದು. ಪೇರಲೆಯನ್ನು ಕಚ್ಚದೆ ಹೆಚ್ಚಿ ತಿನ್ನಿ. ಬ್ರ್ಯಾಕೆಟ್ ಒಂದು ಕಿತ್ತುಬಂದರೆ ಮತ್ತೆ ಅಂಟಿಸುವವರೆಗೆ ಆ ಹಲ್ಲಿನ ಕೆಲಸ ನಿಂತಂತೆ.

ಬಣ್ಣದ ವಿಷಯ. ಬಿಳಿಯ, ಪಾರದರ್ಶಕ ಚೈನು ಕಾಣುವುದಿಲ್ಲವೆಂದು ಆಸೆಪಟ್ಟು ನಾನು ಮೊದಲು ಅದನ್ನೇ ಕೇಳಿದ್ದೆ. ಡಾಕ್ಟರು, "ಮನೆಯಲ್ಲಿ ಅಡಿಗೆಗೆ ಅರಿಶಿನ ಹಾಕ್ತಾರಾ?" ಎಂದು ಕೇಳಿದರು. ಅರಿಶಿನ ಹಾಕದ ಅಡಿಗೆ ನಮ್ಮಲ್ಲಿ ಯಾವುದಿದೆ? ಒಂದೇ ಊಟದ ಹುಳಿಗೆ ಅದು ಹಳದಿಯಾಗಿಬಿಡುತ್ತದೆ, ತಿಕ್ಕಿದರೂ ಹೋಗುವುದಿಲ್ಲ. ಹಳದಿಯಾದದ್ದು ಚೈನು ಮಾತ್ರ, ಹಲ್ಲಲ್ಲ. ಅದರಿಂದ ಹಾನಿ ಏನಿಲ್ಲ. ಆದರೆ ನೋಡಿದವರು ಹಲ್ಲುಜ್ಜಿಲ್ಲ ಎಂದುಕೊಳ್ಳುತ್ತಾರೆ. ಬೂದುಬಣ್ಣವೇ ವಾಸಿ.

ಎಲ್ಲಕ್ಕಿಂತ ಮುಖ್ಯ ಉಜ್ಜುವುದು. ಉಂಗುರಗಳ ಸಂದಿನಲ್ಲಿ ಕೂತ ಅನ್ನ, ಸಕ್ಕರೆ ಹುಳಿತು ಬ್ರ್ಯಾಕೆಟ್ಟಿನ ಸುತ್ತ ಹಲ್ಲಿನ ಮೇಲೆ ಸುಣ್ಣದಂಥ ಬಿಳಿ ಮಚ್ಚೆ ಬೀಳುತ್ತದೆ. ಕ್ಲಿಪ್ ತೆಗೆದ ಮೇಲೂ ಅದು ಉಳಿಯಬಹುದು. ನೇರವಾದ, ಆದರೆ ಮಚ್ಚೆ ಬಿದ್ದ ಹಲ್ಲು ಯಾರಿಗೆ ಬೇಕು?

ಚೈನು ತುಂಡಾದರೆ ಗಾಬರಿಯಾಗಬೇಕಿಲ್ಲ. ನೀವೇ ಕತ್ತರಿ ಹಿಡಿಯಬೇಡಿ, ಡಾಕ್ಟರಿಗೆ ತಿಳಿಸಿ. ಎಲ್ಲ ಮುಗಿದು ಕ್ಲಿಪ್ ತೆಗೆದ ಮೇಲೆ ಹಲ್ಲನ್ನು ಹಿಡಿದಿಡುವ ರಿಟೇನರ್ ಕೊಡುತ್ತಾರೆ, ಇಲ್ಲವೆ ಹಲ್ಲಿನ ಹಿಂಬದಿಗೆ ತೆಳು ತಂತಿ ಅಂಟಿಸುತ್ತಾರೆ. ಅದನ್ನು ಉದಾಸೀನ ಮಾಡಬೇಡಿ. ಎಳೆದ ನಾರುಗಳು, ಅದರಲ್ಲೂ ವಸಡಿನವು, ಹೊಸ ಜಾಗಕ್ಕೆ ಒಗ್ಗಿಕೊಳ್ಳಲು ಹತ್ತಿರ ಹತ್ತಿರ ಒಂದು ವರ್ಷ ಬೇಕು. ಅಷ್ಟರಲ್ಲಿ ಬಿಟ್ಟರೆ ಮುಚ್ಚಿದ ಸಂದು ಮತ್ತೆ ತೆರೆಯುತ್ತದೆ.

ಹತ್ತು ರೂಪಾಯಿಯ ರಬ್ಬರ್ ಬ್ಯಾಂಡು

ಈಗ ಆ ಹುಡುಗನ ಪ್ರಶ್ನೆಗೆ ಬರೋಣ. ಎರಡು ಹಲ್ಲಿಗೆ ಸುಮ್ಮನೆ ರಬ್ಬರ್ ಸುತ್ತಿದರೆ ಏನಾಗುತ್ತದೆ?

ಸಂದು ಮುಚ್ಚುವ ಹಾಗೆ ಮೊದಲಿಗೆ ಕಾಣುತ್ತದೆ, ಮೋಸ ಇರುವುದೂ ಅಲ್ಲಿಯೇ. ಅಲ್ಲಿ ಬ್ರ್ಯಾಕೆಟ್ ಇಲ್ಲ, ತಂತಿಯೂ ಇಲ್ಲ. ರಬ್ಬರು ಎಲ್ಲಿ ನಿಲ್ಲಬೇಕೆಂದು ಹೇಳುವವರಿಲ್ಲ. ಕನ್ನಡಿಯಲ್ಲಿ ನಿಮ್ಮ ಬಾಚಿಹಲ್ಲನ್ನು ನೋಡಿಕೊಳ್ಳಿ. ತುದಿಯಲ್ಲಿ ಅಗಲ, ವಸಡಿನ ಹತ್ತಿರ ಕಿರಿದು. ವಸಡಿನ ಒಳಗೆ ಬೇರು ಇನ್ನೂ ಕಿರಿದಾಗುತ್ತ ಮೊನೆಯಾಗುತ್ತದೆ. ಬಿಗಿಯಾದ ರಬ್ಬರ್ ಬಳೆ ಅಗಲದಿಂದ ಕಿರಿದಿನ ಕಡೆಗೇ ಜಾರುತ್ತದೆ. ಮೊದಲು ವಸಡಿನ ಅಂಚಿಗೆ, ಆಮೇಲೆ ವಸಡಿನ ಅಡಿಗೆ, ಅಲ್ಲಿಂದ ಬೇರಿನ ಗುಂಟ ಮೇಲಕ್ಕೆ. ದಾರಿಯಲ್ಲಿ ಸಿಕ್ಕ ನಾರಿನ ಪದರವನ್ನು ಕತ್ತರಿಸುತ್ತ, ಎಲುಬನ್ನು ಸವೆಸುತ್ತ ಹೋಗುತ್ತದೆ. ವಸಡು ಕೆಂಪಾಗಿ ಊದುತ್ತದೆ, ಹಲ್ಲು ಉದ್ದವಾದಂತೆ ಕಾಣುತ್ತದೆ, ಅಲುಗಾಡತೊಡಗುತ್ತದೆ. ಸಾಮಾನ್ಯ ಎಕ್ಸ್‌ರೇಯಲ್ಲಿ ಈ ರಬ್ಬರು ಕಾಣುವುದೇ ಇಲ್ಲ. ಹಾಕಿಕೊಂಡವನು ಬಾಯಿಬಿಟ್ಟು ಹೇಳದಿದ್ದರೆ ಡಾಕ್ಟರಿಗೂ ಹೊಳೆಯುವುದು ಕಷ್ಟ. ಹೀಗೆ ಎರಡೂ ಒಳ್ಳೆಯ ಮುಂಬಲ್ಲುಗಳನ್ನು ಕಳೆದುಕೊಂಡವರ ವರದಿಗಳು ದಂತವೈದ್ಯದ ಗ್ರಂಥಗಳಲ್ಲಿ ಬೇಕಾದಷ್ಟಿವೆ. ಅವರಲ್ಲಿ ಹೆಚ್ಚಿನವರು ಮಕ್ಕಳು.

ಇಷ್ಟನ್ನು ನಾನು ಹುಡುಗನಿಗೆ ಹೇಳಿ ಮುಗಿಸುವಷ್ಟರಲ್ಲಿ ಅವನ ಮುಖ ಬಿಳಿಚಿಕೊಂಡಿತ್ತು.

"ಅಣ್ಣಾರ, ನಾ ಹಾಕ್ಕೊಂಡಿದ್ನಿರಿ."

"ಯಾವಾಗ?"

"ನಿಮಗ ಕೇಳಿದ್ನಲ್ಲ, ಅದರ ಮರುದಿನಾನ. ಮೂರನೇ ದಿವಸ ಮುಂಜಾನೆ ಎದ್ದು ನೋಡಿದ್ರ ಬಾಯಾಗ ಇರ್ಲಿಲ್ಲ. ನಿದ್ದ್ಯಾಗ ನುಂಗಿರಬೇಕು ಅಂದು ಬಿಟ್ಟೆ."

ತುಟಿ ಎತ್ತಿ ತೋರಿಸಿದ. ವಸಡು ಕೆಂಪಗೆ ಊದಿತ್ತು. ಅವನನ್ನು ಮರುದಿನವೇ ದಂತ ಕಾಲೇಜಿನ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ನಡೆದದ್ದನ್ನು ಅವನೇ ಹೇಳಿದ. ಅವರು ವಸಡಿಗೆ ಮರಗಟ್ಟುವ ಮದ್ದು ಕೊಟ್ಟು, ಸಣ್ಣ ಕೊಕ್ಕೆಯಿಂದ ತಡಕಿ, ವಸಡಿನ ಅಡಿಯಿಂದ ಆ ರಬ್ಬರನ್ನು ಹೊರಗೆಳೆದರು. ಮೂರು ವಾರವಾಗಿತ್ತಷ್ಟೆ. ಇನ್ನು ಮೂರು ತಿಂಗಳಾಗಿದ್ದರೆ ಏನಾಗುತ್ತಿತ್ತೆಂದು ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಹಲ್ಲು ಗಟ್ಟಿಯಾಗಿ ಉಳಿಯಿತು. (ಇದನ್ನು ಅವನ ಒಪ್ಪಿಗೆ ಪಡೆದೇ ಬರೆದಿದ್ದೇನೆ.)

ಅಂದು ಮೊದಲ ದಿನ, ಅವನು "ಯಾಕೆ?" ಎಂದಾಗ ನಾವೆಲ್ಲ ನಗುವ ಬದಲು ಯಾರಾದರೊಬ್ಬರು ಸರಿಯಾದ ಉತ್ತರ ಹೇಳಿದ್ದರೆ ಅವನು ರಬ್ಬರನ್ನು ಹಾಕಿಕೊಳ್ಳುತ್ತಲೇ ಇರಲಿಲ್ಲ. ಈ ಲೇಖನ ಬರೆಯಲು ನಿಜವಾದ ಕಾರಣ ಅದು.

ಎರಡು ವಿಷಯ ಸೇರಿಸಿ ಮುಗಿಸುತ್ತೇನೆ. ಮನೆಯಲ್ಲಿ ಎಂಟು ಹತ್ತು ವರ್ಷದ ತಮ್ಮ ತಂಗಿಯರಿದ್ದು, ಹೊಸ ಬಾಚಿಹಲ್ಲುಗಳ ನಡುವೆ ಸಂದು ಕಂಡರೆ ಅವಸರ ಮಾಡಬೇಡಿ. ಆ ವಯಸ್ಸಿನಲ್ಲಿ ಅದು ಸಹಜ. ಕೋರೆಹಲ್ಲುಗಳು ಇಳಿದು ಬಂದಾಗ ಸಾಮಾನ್ಯವಾಗಿ ತಾನೇ ಮುಚ್ಚಿಕೊಳ್ಳುತ್ತದೆ. ಅನುಮಾನ ಇದ್ದರೆ ಡಾಕ್ಟರಿಗೆ ತೋರಿಸಿ, ರಬ್ಬರನ್ನು ಮಾತ್ರ ಹಾಕಬೇಡಿ.

ಇನ್ನು ದುಡ್ಡಿನ ಮಾತು. ಹುಡುಗ ಕೇಳಿದ್ದರಲ್ಲಿ ತಪ್ಪಿಲ್ಲ. ಖಾಸಗಿ ಕ್ಲಿನಿಕ್ಕಿನ ಫೀ ಹಾಸ್ಟೆಲಿನಲ್ಲಿರುವ ನಮ್ಮಂಥವರಿಗೆ ಹೊರೆಯೇ ಸರಿ. ಆದರೆ ಮುಂಬಯಿಯಲ್ಲಿ ಸಿ.ಎಸ್.ಎಂ.ಟಿ. ಹತ್ತಿರ ಸರಕಾರಿ ದಂತ ಕಾಲೇಜು ಇದೆ. ಮುಂಬಯಿ ಸೆಂಟ್ರಲ್ ಹತ್ತಿರ ನಾಯರ್ ಆಸ್ಪತ್ರೆಯ ದಂತ ಕಾಲೇಜು ಇದೆ. ಊರ ಕಡೆಯವರಿಗೆ ಬೆಂಗಳೂರಿನ ಸರಕಾರಿ ದಂತ ಕಾಲೇಜು ಇದೆ. ಇಂಥಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳು ಪ್ರಾಧ್ಯಾಪಕರ ಕಣ್ಣೆದುರಿಗೆ ಚಿಕಿತ್ಸೆ ಮಾಡುತ್ತಾರೆ. ಖರ್ಚು ಕಡಿಮೆ. ಸರದಿ ಕಾಯಬೇಕು, ಒಂದೊಂದು ಸಲ ಅರ್ಧ ದಿನ ಹೋಗುತ್ತದೆ, ಒಂದು ಪುಸ್ತಕ ಒಯ್ದರಾಯಿತು.

ಹುಡುಗನ ಸಂದಿಗೆ ಕಾರಣ ಏನೆಂದು ಅಲ್ಲಿಯೇ ಪರೀಕ್ಷಿಸಿ ಹೇಳಿದರು. ಮೇಲ್ದುಟಿಯ ಒಳಗಿನಿಂದ ವಸಡಿಗೆ ಇಳಿಯುವ ಚರ್ಮದ ಪಟ್ಟಿ ಅವನಲ್ಲಿ ದಪ್ಪ, ಎರಡು ಹಲ್ಲುಗಳ ನಡುವಿನ ತನಕ ಬಂದಿದೆ. ಬೇಕಿದ್ದರೆ ಕ್ಲಿಪ್ ಹಾಕಿ ಸಂದು ಮುಚ್ಚಿ ಆ ಪಟ್ಟಿಯನ್ನು ಬಿಡಿಸಬಹುದು, ಬೇಡವೆಂದರೆ ಹಾಗೇ ಬಿಡಬಹುದು, ಅದರಿಂದ ತೊಂದರೆ ಏನೂ ಇಲ್ಲ ಎಂದರಂತೆ.

"ಏನು ಮಾಡ್ತೀಯಪ್ಪ?" ಎಂದು ಕೇಳಿದೆ.

"ಸದ್ಯಕ್ಕ ಬಿಡ್ತೀನ್ರಿ ಅಣ್ಣಾರ. ಊರಿಗೆ ಹೋದಾಗ ನೋಡಿದೆ, ನಮ್ಮವ್ವಂದೂ ಹಿಂಗ ಐತ್ರಿ. ಇಷ್ಟು ದಿವಸ ಗಮನಿಸೇ ಇರಲಿಲ್ಲ."